ಕನ್ನಡದ ಗಿಳಿ ಎಂದು ಹೆಸರಿಟ್ಟವರು ತಮಿಳರು!

"ಸಾರ್, ಇವರು ತಮಿಳಿನವರಲ್ವಾ?"

ಹೀಗೆ ಕೇಳಿದವನು ಮದ್ರಾಸಿನ ಹುಡುಗನಲ್ಲ ಗೆಳೆಯರೇ, ಅಪ್ಪಟ ನಮ್ಮವನು. ರಾಜ್ಯೋತ್ಸವ ಬಂತೆಂದರೆ ಹಳದಿ-ಕೆಂಪು ಬಾವುಟ ಕಟ್ಟಲು ಕಂಬ ಹತ್ತುವವನು. ನಾಮಫಲಕದಲ್ಲಿ ಕನ್ನಡ ಕಾಣದಿದ್ದರೆ ಅಂಗಡಿಯವನ ಹತ್ತಿರ ಜಗಳಕ್ಕೆ ನಿಲ್ಲುವವನು. 2025ರ ಜುಲೈ 14ರ ಸೋಮವಾರ ಸಂಜೆ ನಮ್ಮ ಕಚೇರಿಯ ಟಿ.ವಿ. ಮುಂದೆ ನಿಂತು, ಬಿ. ಸರೋಜಾದೇವಿಯವರಿಗೆ ಸಲ್ಲಿಸುತ್ತಿದ್ದ ಶ್ರದ್ಧಾಂಜಲಿ ನೋಡುತ್ತಾ ಈ ಮಾತು ಕೇಳಿದ. ಅಂದು ಬೆಳಿಗ್ಗೆ ಮಲ್ಲೇಶ್ವರದ ಮನೆಯಲ್ಲಿ ಆ ತಾಯಿ ಕಣ್ಣು ಮುಚ್ಚಿದ್ದರು. ವಯಸ್ಸು 87. ಹುಟ್ಟಿದ್ದು ಬೆಂಗಳೂರಿನಲ್ಲಿ, ಪೊಲೀಸ್ ಇಲಾಖೆಯಲ್ಲಿದ್ದ ಭೈರಪ್ಪನವರ ಮಗಳಾಗಿ. ಮರುದಿನ ಮಣ್ಣಾದದ್ದು ಚನ್ನಪಟ್ಟಣ ತಾಲ್ಲೂಕಿನ ದಶವಾರದಲ್ಲಿ. ಇದಕ್ಕಿಂತ ಕನ್ನಡದವರು ಹೇಗಿರಬೇಕು ಹೇಳಿ?

ಕಚೇರಿಯಲ್ಲಿ ಏಳೆಂಟು ಜನ ಇದ್ದೆವು. ಯಾರೂ ಹುಡುಗನಿಗೆ ಬೈಯಲಿಲ್ಲ. ಬೈಯುವ ಯೋಗ್ಯತೆ ನಮಗಿರಲಿಲ್ಲ. ಯಾಕೆಂದರೆ ಟಿ.ವಿ. ಪರದೆಯ ಮೇಲೆ ಆ ಹೊತ್ತಿಗೆ ಓಡುತ್ತಿದ್ದದ್ದು ತಮಿಳು ಹಾಡು. ಎಂ.ಜಿ.ಆರ್. ಕೈಬೀಸಿ ಓಡಿ ಬರುತ್ತಿದ್ದರು, ಸರೋಜಾದೇವಿ ಮರದ ಹಿಂದೆ ನಾಚಿ ನಿಂತಿದ್ದರು. ಅದಕ್ಕೂ ಮುಂಚೆ ಬಂದದ್ದೂ ತಮಿಳು ಹಾಡೇ. ಚಾನೆಲ್ ಮಾತ್ರ ಕನ್ನಡದ್ದು, ನಿರೂಪಕಿ ಕನ್ನಡದವಳು, ಕೆಳಗೆ ಓಡುವ ಅಕ್ಷರ ಕನ್ನಡದ್ದು. ಹುಡುಗ ಕಣ್ಣಿಗೆ ಕಂಡದ್ದನ್ನು ಕೇಳಿದ. ತಪ್ಪೇನು?

ಆ ಚಾನೆಲ್ಲಿನ ಹೆಸರು ಇಲ್ಲಿ ಬೇಡ. ಒಂದನ್ನು ಹೆಸರಿಸಿದರೆ ಮಿಕ್ಕವರು ಸಾಚಾಗಳಾಗಿಬಿಡುತ್ತಾರೆ.

ನಮ್ಮ ಜೊತೆ ಅಂದು ಕೂತಿದ್ದವರಲ್ಲಿ ಒಬ್ಬರು ಹಿರಿಯರಿದ್ದರು. ಹದಿನೇಳನೇ ವಯಸ್ಸಿಗೆ ಟೂರಿಂಗ್ ಟಾಕೀಸಿನಲ್ಲಿ ರೀಲು ಸುತ್ತಲು ಸೇರಿ, ಆಮೇಲೆ ಆಪರೇಟರ್ ಆಗಿ, ಸಿಟಿಯ ಥಿಯೇಟರುಗಳಲ್ಲಿ ದುಡಿದು ನಿವೃತ್ತರಾದವರು. ಭಾನುವಾರ ಭಾನುವಾರ ನಮ್ಮ ಕಚೇರಿಗೆ ಬರುತ್ತಾರೆ. ಹಳೆಯ ಚಿತ್ರಗಳ ಹುಚ್ಚು ಹತ್ತಿದ ಇನ್ನೂ ನಾಲ್ಕು ಜನ ಸೇರುತ್ತಾರೆ. ಯಾವ ಚಿತ್ರಕ್ಕೆ ಯಾರ ಸಂಗೀತ, ಯಾವ ಪಾತ್ರ ಯಾರು ಮಾಡಿದ್ದು ಎಂದು ವಾದ ಮಾಡಿ, ಚಹಾ ಕುಡಿದು ಹೋಗುವುದು ವಾಡಿಕೆ. ಅಂದು ಸೋಮವಾರವಾದರೂ ಸುದ್ದಿ ಕೇಳಿ ಎಲ್ಲರೂ ಬಂದಿದ್ದರು. ಟಿ.ವಿ.ಯಲ್ಲಿ 'ಅಮರಶಿಲ್ಪಿ ಜಕಣಾಚಾರಿ'ಯ ಒಂದು ತುಣುಕು ಬಂತು. ನಿರೂಪಕಿ, "ಡಾ. ರಾಜ್ ಜೊತೆಗಿನ ಈ ಅಪರೂಪದ ದೃಶ್ಯ..." ಎಂದಳು. ಹಿರಿಯರು ಕುರ್ಚಿಯಿಂದ ಎದ್ದೇಬಿಟ್ಟರು.

"ಅದು ಕಲ್ಯಾಣಕುಮಾರ್ ಕಣಮ್ಮಾ! ಕಲ್ಯಾಣಕುಮಾರ್!"

ಟಿ.ವಿ.ಗೆ ಕೇಳಿಸೀತೆ? ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ಹಳೆಯ ಚಿತ್ರ ಎಂದರೆ ರಾಜ್‌ಕುಮಾರ್ ಎಂದು ಬರೆದುಬಿಟ್ಟರೆ ಆಯಿತು, ಯಾರು ಕೇಳುತ್ತಾರೆ ಎಂಬ ಧೈರ್ಯ ಇದು. 1964ರಲ್ಲಿ ಬಿ.ಎಸ್. ರಂಗಾ ತೆಗೆದ ಆ ಚಿತ್ರ ಕನ್ನಡದ ಮೊಟ್ಟಮೊದಲ ಪೂರ್ಣ ವರ್ಣಚಿತ್ರ. ಅದರ ನಾಯಕ ಯಾರೆಂದು ಕನ್ನಡದ ಚಾನೆಲ್ಲಿಗೆ ಗೊತ್ತಿಲ್ಲ. ಕಲ್ಯಾಣಕುಮಾರರಿಗೆ ಅಪಚಾರವಾಯಿತು, ರಾಜ್ ಅಣ್ಣನವರಿಗೆ ಯಾವ ಉಪಚಾರವೂ ಆಗಲಿಲ್ಲ.

ಈಗ ತಮಿಳರ ವಿಷಯಕ್ಕೆ ಬರೋಣ. ನಮ್ಮ ಪತ್ರಿಕೆ ಓದುವವರಲ್ಲಿ ಕೆಲವರ ತೋಳು ಇಷ್ಟು ಹೊತ್ತಿಗೆ ಮೇಲೇರಿರುತ್ತದೆ. "ನೋಡಿದ್ರಾ, ನಮ್ಮ ನಟಿಯನ್ನೂ ಅವರು ತಮ್ಮವಳು ಅಂತ ಮಾಡಿಕೊಂಡರು" ಎಂದು. ತಾಳಿ ಸ್ವಾಮಿ. ತಮಿಳರು ಆಕೆಗೆ ಕೊಟ್ಟ ಬಿರುದು ಏನು ಗೊತ್ತೆ? 'ಕನ್ನಡತ್ತು ಪೈಂಗಿಳಿ'. ಅಂದರೆ ಕನ್ನಡದ ಹಸಿರು ಗಿಳಿ. ತಮಿಳುನಾಡಿನ ಗೋಡೆ ಗೋಡೆಯ ಮೇಲೆ, ಪೋಸ್ಟರಿನ ಮೇಲೆ, ಆಕೆಯ ಹೆಸರಿನ ಹಿಂದೆ ಕನ್ನಡ ಎಂಬ ಮೂರಕ್ಷರ ಇತ್ತು. ಆಕೆಯ ತಮಿಳಿನಲ್ಲಿ ನಮ್ಮ ಧಾಟಿ ಇಣುಕುತ್ತಿತ್ತು. ಅವರು ಅದನ್ನು ಕೊರತೆ ಎನ್ನದೆ, ಮುದ್ದು ಎಂದು ಒಪ್ಪಿಕೊಂಡರು. ಆಕೆ ಉಟ್ಟ ಸೀರೆ, ತೊಟ್ಟ ರವಿಕೆ, ಹಾಕಿದ ತುರುಬನ್ನು ಅಲ್ಲಿಯ ಹೆಣ್ಣುಮಕ್ಕಳು ಅನುಕರಿಸಿದರು. ಎಂ.ಜಿ.ಆರ್. ಜೊತೆಗೇ 26 ಚಿತ್ರ. ಆಕೆ ಎಲ್ಲಿಂದ ಬಂದವಳು ಎಂಬುದನ್ನು ಅವರು ಒಂದು ದಿನವೂ ಮರೆಮಾಚಲಿಲ್ಲ. ಅದನ್ನು ಮರೆತವರು ಬೇರೆ ಯಾರೋ. ಆ ಸೋಮವಾರ ಸಂಜೆ ನಮ್ಮ ಕಚೇರಿಯಲ್ಲೇ ಸಿಕ್ಕಿಬಿದ್ದರು.

ಹೇಳುತ್ತೇವೆ ಕೇಳಿ. ಆ ದಿನ ಪತ್ರಿಕೆಯ ಬಾಗಿಲಿಗೆ ಅಂಟಿಸಲು ಸರೋಜಾದೇವಿಯವರ ಒಂದು ಒಳ್ಳೆಯ ಫೋಟೋ ಹುಡುಕಿದೆವು. ಕನ್ನಡದ ಹೆಸರಿನಲ್ಲಿ ಉಸಿರಾಡುವ ನಮ್ಮ ಕಚೇರಿಯಲ್ಲಿ ಒಂದೂ ಸಿಗಲಿಲ್ಲ! ಕೊನೆಗೆ ಹುಡುಗರು ಮೊಬೈಲಿನಲ್ಲಿ ಹುಡುಕಿ ತೆಗೆದದ್ದು ಯಾವುದೋ ತಮಿಳು ಚಿತ್ರದ ಸ್ಟಿಲ್. ಅದನ್ನೇ ಅಂಟಿಸಿದೆವು. ಚಾನೆಲ್ಲಿನವರನ್ನು ಬೈಯಲು ನಮಗೆ ಎಷ್ಟು ನಾಲಿಗೆ ಉಳಿಯಿತು?

ಆಕೆ ಮದ್ರಾಸಿಗೆ ಹೋದದ್ದು ಕನ್ನಡ ಬೇಡವಾಗಿ ಹೋದದ್ದಲ್ಲ. ಸಮಾರಂಭವೊಂದರಲ್ಲಿ ಹಾಡುತ್ತಿದ್ದ ಹುಡುಗಿಯನ್ನು ಹೊನ್ನಪ್ಪ ಭಾಗವತರು ಗುರುತಿಸಿದರು. ತಾವೇ ನಿರ್ಮಿಸಿ ನಟಿಸಿದ 'ಮಹಾಕವಿ ಕಾಳಿದಾಸ'ದಲ್ಲಿ ಅವಕಾಶ ಕೊಟ್ಟರು. ಕು.ರಾ. ಸೀತಾರಾಮಶಾಸ್ತ್ರಿಗಳ ನಿರ್ದೇಶನ, 1955. ಹುಡುಗಿಗೆ ಹದಿನೇಳು. ಅಂದಿನ ಕನ್ನಡ ಚಿತ್ರರಂಗ ಹೇಗಿತ್ತು? ವರ್ಷಕ್ಕೆ ಹತ್ತು ಹನ್ನೆರಡು ಚಿತ್ರ ಆದರೆ ಹಬ್ಬ. ಸ್ಟುಡಿಯೋ ಬೇಕೆಂದರೆ ಮದ್ರಾಸು, ಲ್ಯಾಬು ಬೇಕೆಂದರೆ ಮದ್ರಾಸು, ಹಾಡು ಧ್ವನಿಮುದ್ರಿಸಲೂ ಮದ್ರಾಸು. ಬೆಂಗಳೂರಿನ ಕಂಠೀರವ ಸ್ಟುಡಿಯೋ ಹುಟ್ಟಿದ್ದೇ 1966ರಲ್ಲಿ. ಕನ್ನಡದ ನಟ ನಟಿಯರೆಲ್ಲ ಕೋಡಂಬಾಕ್ಕದ ಬಾಡಿಗೆ ಮನೆಗಳಲ್ಲಿ ಕನ್ನಡ ಚಿತ್ರ ಮಾಡುತ್ತಿದ್ದ ಕಾಲ ಅದು. ಅಲ್ಲಿದ್ದವರ ಕಣ್ಣಿಗೆ ಸರೋಜಾದೇವಿ ಬಿದ್ದರು. 1958ರಲ್ಲಿ 'ನಾಡೋಡಿ ಮನ್ನನ್', 1959ರಲ್ಲಿ ಶ್ರೀಧರ್ ಅವರ 'ಕಲ್ಯಾಣ ಪರಿಸು', ಅದೇ ವರ್ಷ ಹಿಂದಿಯಲ್ಲಿ ದಿಲೀಪ್ ಕುಮಾರ್ ಇದ್ದ 'ಪೈಗಾಮ್'. ತೆಲುಗಿನಲ್ಲಿ 1961ರ 'ಜಗದೇಕವೀರುನಿ ಕಥ'. ನಾಲ್ಕು ಭಾಷೆಗಳಲ್ಲಿ ಸುಮಾರು ಇನ್ನೂರು ಚಿತ್ರ. ಅಷ್ಟು ಎತ್ತರಕ್ಕೆ ಏರಿದವರು ತಿರುಗಿ ನೋಡದೆ ಇರಬಹುದಿತ್ತು. ಈಕೆ ತಿರುಗಿ ನೋಡಿದರು. ನೋಡುತ್ತಲೇ ಇದ್ದರು.

ಎಲ್ಲಿ ಅದರ ಸಾಕ್ಷಿ ಎಂದು ಕೇಳಿದರೆ, ಟಿ.ವಿ. ತೋರಿಸದೆ ಬಿಟ್ಟ ಚಿತ್ರಗಳಲ್ಲಿದೆ.

'ಕಿತ್ತೂರು ಚೆನ್ನಮ್ಮ' ನೋಡಿದ್ದೀರಾ? ಪೂರ್ತಿ, ಮೊದಲಿನಿಂದ ಕೊನೆಯವರೆಗೆ? ಕೋಲಾರ ಜಿಲ್ಲೆಯ ಬಿ.ಆರ್. ಪಂತುಲು ತಮಿಳರಿಗೆ 1959ರಲ್ಲಿ 'ವೀರಪಾಂಡಿಯ ಕಟ್ಟಬೊಮ್ಮನ್' ಮಾಡಿಕೊಟ್ಟವರು. ಎರಡು ವರ್ಷ ಕಳೆದು, 1961ರಲ್ಲಿ, ನಮಗೆ ಚೆನ್ನಮ್ಮನನ್ನು ಕೊಟ್ಟರು. ಒಬ್ಬನೇ ನಿರ್ದೇಶಕ, ಎರಡೂ ನಾಡಿಗೆ ಬ್ರಿಟಿಷರ ವಿರುದ್ಧ ನಿಂತ ಒಬ್ಬೊಬ್ಬ ವೀರರು. ಕಟ್ಟಬೊಮ್ಮನ ಸಂಭಾಷಣೆ ತಮಿಳುನಾಡಿನ ಶಾಲೆಯ ಮಕ್ಕಳ ಬಾಯಲ್ಲಿ ಇವತ್ತಿಗೂ ಇದೆ. ವಾರ್ಷಿಕೋತ್ಸವದಲ್ಲಿ ಮೀಸೆ ಬರೆದುಕೊಂಡು ಹೇಳುತ್ತಾರೆ. ನಮ್ಮ ಚೆನ್ನಮ್ಮನ ಚಿತ್ರ?

ಆ ಚಿತ್ರದಲ್ಲಿ ರಾಜ್‌ಕುಮಾರ್ ಮಲ್ಲಸರ್ಜ. ಆದರೂ ಕಥೆ ರಾಣಿಯದು. ದೊರೆ ಸತ್ತ ಮೇಲೆ, ದತ್ತು ಮಗುವನ್ನು ಒಪ್ಪುವುದಿಲ್ಲ ಎಂದ ಕಂಪನಿ ಸರ್ಕಾರಕ್ಕೆ ಎದುರು ನಿಂತು, 1824ರ ಅಕ್ಟೋಬರಿನಲ್ಲಿ ಥ್ಯಾಕರೆಯನ್ನು ಕಿತ್ತೂರಿನ ಕೋಟೆಯ ಮುಂದೆ ಕೆಡವಿದ ಹೆಂಗಸಿನ ಕಥೆ. ಆ ಭಾರವನ್ನು ಹೊತ್ತಾಗ ಸರೋಜಾದೇವಿಗೆ ಇಪ್ಪತ್ತಮೂರು. ತಮಿಳಿನಲ್ಲಿ ಕಣ್ಣು ಮಿಟುಕಿಸಿ ಮಾತಾಡುವ ಮುದ್ದು ಹುಡುಗಿಯಾಗಿದ್ದವರು ಕನ್ನಡದಲ್ಲಿ ಸಿಂಹಾಸನದ ಮೇಲೆ ಕೂತು ಮಾತಾಡಿದರು. ನಮ್ಮ ಆಪರೇಟರ್ ಹಿರಿಯರು ಒಂದು ಮಾತು ಹೇಳಿದರು: "ಟೆಂಟಿನಲ್ಲಿ ಈ ಚಿತ್ರ ಹಾಕಿದ ದಿನ ನೆಲದ ಮೇಲೆ ಕೂತ ಹೆಂಗಸರೇ ಜಾಸ್ತಿ. ರೀಲು ಬದಲಾಯಿಸುವ ಹೊತ್ತಿಗೆ ಗಲಾಟೆ ಆಗೋದು ಗಂಡಸರ ಕಡೆ. ಅವತ್ತು ಹೆಂಗಸರ ಕಡೆಯಿಂದ ಆಗ್ತಿತ್ತು."

ಇನ್ನು 'ಮಲ್ಲಮ್ಮನ ಪವಾಡ'. 1969, ಪುಟ್ಟಣ್ಣ ಕಣಗಾಲ್. ಬಿ. ಪುಟ್ಟಸ್ವಾಮಯ್ಯನವರ 'ಅರ್ಧಾಂಗಿ' ಕಾದಂಬರಿಯಿಂದ ಬಂದ ಚಿತ್ರ. ವರ್ಷ ಗಮನಿಸಿ. 1967ರಲ್ಲಿ ಆಕೆಗೆ ಮದುವೆಯಾಗಿತ್ತು. ಗಂಡ ಶ್ರೀಹರ್ಷ, ಎಂಜಿನಿಯರ್. ತಾಳಿ ಬಿದ್ದರೆ ನಾಯಕಿಯ ಬಾಳು ಮುಗಿಯಿತು ಎನ್ನುತ್ತಿದ್ದ ಚಿತ್ರರಂಗ ಅದು. ಅಂಥ ಹೊತ್ತಿನಲ್ಲಿ ಪುಟ್ಟಣ್ಣ ಆಕೆಗೆ ಕೊಟ್ಟದ್ದು ಮಲತಾಯಿಯ ಕೈಯಲ್ಲಿ ಏನೂ ಅರಿಯದೆ ಬೆಳೆದ ಗಂಡನನ್ನು ಮನುಷ್ಯನನ್ನಾಗಿ ಮಾಡುವ ಹೆಂಡತಿಯ ಪಾತ್ರ. ಎದುರಿಗೆ ರಾಜ್‌ಕುಮಾರ್ ಮುಗ್ಧನಾಗಿ ನಟಿಸುತ್ತಾರೆ, ಅದು ಜನರ ಕಣ್ಣಿಗೆ ಬೇಗ ಬೀಳುವ ನಟನೆ. ಈಕೆಯದು ಕಣ್ಣಿಗೆ ಬೀಳದ ನಟನೆ. ಸಹನೆಯನ್ನು ನಟಿಸಿ ತೋರಿಸುವುದು ಅಳುವುದಕ್ಕಿಂತ ಕಷ್ಟ. ನಮ್ಮ ಸಿನಿಮಾ ಹುಚ್ಚರ ನಡುವೆ ಇದರ ಬಗ್ಗೆ ಎರಡು ಪಕ್ಷ ಇದೆ. ಒಬ್ಬರಿಗೆ ಚೆನ್ನಮ್ಮನೇ ಶ್ರೇಷ್ಠ, ಇನ್ನೊಬ್ಬರಿಗೆ ಮಲ್ಲಮ್ಮ. ನಮ್ಮ ಓಟು ಮಲ್ಲಮ್ಮನಿಗೆ. ಚೆನ್ನಮ್ಮನಿಗೆ ಕತ್ತಿ ಇತ್ತು, ಕುದುರೆ ಇತ್ತು, ಇತಿಹಾಸ ಇತ್ತು. ಮಲ್ಲಮ್ಮನಿಗೆ ಇದ್ದದ್ದು ಅಡುಗೆಮನೆ ಮಾತ್ರ.

'ಬಭ್ರುವಾಹನ' ನಿಮಗೆಲ್ಲ ಗೊತ್ತು. 1977ರ ಆ ಚಿತ್ರದ ಅಪ್ಪ-ಮಗನ ಜಗಳದ ಹಾಡು ಕಾಲೇಜು ಹುಡುಗರಿಗೆಲ್ಲ ಬಾಯಿಪಾಠ, ಗಣೇಶನ ಪೆಂಡಾಲಿನಲ್ಲಿ ಇಬ್ಬರು ನಿಂತು ಹಾಡದೆ ಹಬ್ಬ ಮುಗಿಯುವುದಿಲ್ಲ. ಆ ಅಪ್ಪ ಅರ್ಜುನನ ಹೆಂಡತಿ, ಆ ಮಗ ಬಭ್ರುವಾಹನನ ತಾಯಿ ಚಿತ್ರಾಂಗದೆ ಯಾರು? ಸರೋಜಾದೇವಿ! ಅಪ್ಪ-ಮಗ ಎರಡೂ ರಾಜ್‌ಕುಮಾರರೇ ಆದ್ದರಿಂದ ಒಂದೇ ಚಿತ್ರದಲ್ಲಿ ಒಬ್ಬನೇ ನಟನಿಗೆ ಹೆಂಡತಿಯೂ ಆಗಿ ತಾಯಿಯೂ ಆದರು. 'ಕಥಾಸಂಗಮ'ವನ್ನು ರಜನಿಕಾಂತ್ ಇದ್ದಾರೆ ಎಂದು ಹುಡುಕಿ ನೋಡುತ್ತೀರಿ. ಅದರ ಮೂರು ಕಥೆಗಳಲ್ಲಿ 'ಅತಿಥಿ' ಈಕೆಯದು. ಅದನ್ನು ಓಡಿಸಿ ಮುಂದೆ ಹೋಗಬೇಡಿ.

ಇಷ್ಟೆಲ್ಲ ಇದ್ದೂ ಅರ್ಧ ಗಂಟೆಯ ಶ್ರದ್ಧಾಂಜಲಿಯಲ್ಲಿ ಕನ್ನಡಕ್ಕೆ ಸಿಕ್ಕಿದ್ದು ಮೂರು ತುಣುಕು. ಅದರಲ್ಲೂ ಒಂದಕ್ಕೆ ತಪ್ಪು ಹೆಸರು. ಯಾಕೆ ಹೀಗೆ? ಚಾನೆಲ್ಲಿನಲ್ಲಿ ಕೆಲಸ ಮಾಡುವ ಒಬ್ಬ ಗೆಳೆಯನನ್ನು ಕೇಳಿದೆವು. ಅವನ ಉತ್ತರ ಸರಳ. "ಬೆಳಿಗ್ಗೆ ಸುದ್ದಿ ಬರುತ್ತೆ. ಒಂದು ಗಂಟೆಯೊಳಗೆ ಪ್ಯಾಕೇಜ್ ಹೋಗಬೇಕು. ಇಂಟರ್ನೆಟ್ಟಿನಲ್ಲಿ ಯಾವುದು ಸ್ವಚ್ಛವಾಗಿ ಸಿಗುತ್ತೋ ಅದನ್ನ ಹಾಕ್ತೀವಿ. ತಮಿಳು ಹಾಡು ಫಳಫಳ ಅಂತ ಸಿಗುತ್ತೆ. ಕನ್ನಡದ್ದು ಮಸುಕು, ಶಬ್ದ ಕೆರೆಯುತ್ತೆ, ಅರ್ಧಕ್ಕೆ ಕಟ್ ಆಗಿರುತ್ತೆ."

ಇದು ನಿಜವಾದ ರೋಗ. ನಿರೂಪಕಿಯ ಅಜ್ಞಾನ ಬರೀ ಮೇಲಿನ ಗಾಯ.

ಸಿನಿಮಾ ಎಂದರೆ ಏನು ಗೊತ್ತೆ ಗೆಳೆಯರೇ? ಅದು ಆಕಾಶದಲ್ಲಿ ತೇಲುವ ಕಲೆ ಅಲ್ಲ, ತಗಡಿನ ಡಬ್ಬದೊಳಗೆ ಸುತ್ತಿಟ್ಟ ಒಂದು ಪಟ್ಟಿ. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲಂ ಬೆಂಕಿ ತಾಗಿದರೆ ಮದ್ದಿನಂತೆ ಉರಿಯುತ್ತಿತ್ತು. ಆಮೇಲೆ ಬಂದ ಅಸಿಟೇಟ್ ಫಿಲಂ ಉರಿಯುವುದಿಲ್ಲ, ಕೊಳೆಯುತ್ತದೆ. ಸೆಕೆ, ತೇವ ತಾಗಿದರೆ ವಿನೆಗರ್ ವಾಸನೆ ಬರಲು ಶುರುವಾಗುತ್ತದೆ, ಪಟ್ಟಿ ಕುಗ್ಗುತ್ತದೆ, ಸುರುಟಿಕೊಳ್ಳುತ್ತದೆ. ಒಂದು ಡಬ್ಬಕ್ಕೆ ಬಂದ ಈ ರೋಗ ಪಕ್ಕದ ಡಬ್ಬಕ್ಕೂ ಹರಡುತ್ತದೆ. ಬಣ್ಣದ ಪ್ರಿಂಟಿನ ಕಥೆ ಬೇರೆ. ಆ ಕಾಲದ ಬಣ್ಣದಲ್ಲಿ ನೀಲಿ-ಹಸಿರು ಮೊದಲು ಸಾಯುತ್ತದೆ, ಕೊನೆಗೆ ಮರ, ಆಕಾಶ, ಮುಖ ಎಲ್ಲ ಒಂದೇ ಕೆಂಪು. ನಮ್ಮ ಹಿರಿಯರು 'ಅಮರಶಿಲ್ಪಿ ಜಕಣಾಚಾರಿ'ಯನ್ನು ಹೊಸ ಪ್ರಿಂಟಿನಲ್ಲಿ ಓಡಿಸಿದವರು. ಎಷ್ಟೋ ವರ್ಷ ಕಳೆದು ಅದೇ ಚಿತ್ರದ ಹಳೆಯ ಪ್ರಿಂಟ್ ಕೈಗೆ ಬಂದಾಗ ಬಣ್ಣ ಹೋಗಿ ಕುಂಕುಮ ಕಲಸಿದ ನೀರಿನಂತಾಗಿತ್ತು ಎಂದು ಹೇಳುವಾಗ ಅವರ ದನಿ ಸಣ್ಣಗಾಯಿತು. ಹರಿದ ಕಡೆ ಸಿಮೆಂಟ್ ಹಚ್ಚಿ ಅಂಟಿಸಿದರಂತೆ. ಪ್ರತಿ ಸಲ ಅಂಟಿಸಿದಾಗಲೂ ಒಂದೆರಡು ಫ್ರೇಮ್ ಹೋಗುತ್ತದೆ. ಹೀಗೆ ಊರೂರಲ್ಲಿ ಹರಿದು, ಅಂಟಿಸಿ, ಹರಿದು, ಒಂದು ಹಾಡು ಮುಕ್ಕಾಲಾಗುತ್ತದೆ. ಓಡುವ ಆಯಸ್ಸು ಮುಗಿದ ಪ್ರಿಂಟುಗಳನ್ನು ಅದರೊಳಗಿನ ಬೆಳ್ಳಿಗಾಗಿ ಗುಜರಿಗೆ ಹಾಕಿದ್ದೂ ಈ ದೇಶದಲ್ಲಿ ನಡೆದಿದೆ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ನಾವು ಪ್ರತಿ ವರ್ಷ ಆ ದಿನ ಭಾಷಣ ಮಾಡುತ್ತೇವೆ, ಹಾರ ಹಾಕುತ್ತೇವೆ. ಆ ಚಿತ್ರವೇ ಇಲ್ಲ! ಅದರಲ್ಲಿ ಸುಲೋಚನೆಯಾದ ತ್ರಿಪುರಾಂಬ ಹೇಗೆ ಮಾತಾಡಿದರು, ಹೇಗೆ ಅತ್ತರು ಎಂಬುದನ್ನು ನೋಡುವ ಭಾಗ್ಯ ಯಾವ ಕನ್ನಡಿಗನಿಗೂ ಇನ್ನಿಲ್ಲ. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ನಾಯಕಿಗೆ ಟಿ.ವಿ.ಯಲ್ಲಿ ಶ್ರದ್ಧಾಂಜಲಿ ಮಾಡೋಣವೆಂದರೆ ತೋರಿಸಲು ಒಂದು ನಿಮಿಷದ ತುಣುಕಿಲ್ಲ. ಸರೋಜಾದೇವಿಯವರ ಕನ್ನಡ ಚಿತ್ರಗಳು ಆ ದಾರಿ ಹಿಡಿಯಬೇಕೆ?

ಅಮೆರಿಕದಲ್ಲಿ ನಿಮ್ಮ ಅಣ್ಣನೋ ಚಿಕ್ಕಪ್ಪನ ಮಗನೋ ಇದ್ದರೆ ಕೇಳಿ ನೋಡಿ. ಅಲ್ಲಿ ಟರ್ನರ್ ಕ್ಲಾಸಿಕ್ ಮೂವೀಸ್ ಎಂಬ ಚಾನೆಲ್ ಇದೆ. 1994ರ ಏಪ್ರಿಲ್‌ನಲ್ಲಿ ಶುರುವಾಯಿತು. ಹಳೆಯ ಚಿತ್ರಗಳನ್ನು ಪೂರ್ತಿ, ನಡುವೆ ಜಾಹೀರಾತು ತುರುಕದೆ ತೋರಿಸುವುದೇ ಅದರ ಕಸುಬು. ಆಗಸ್ಟ್ ಬಂತೆಂದರೆ ದಿನಕ್ಕೊಬ್ಬರಂತೆ ಮೂವತ್ತೊಂದು ಕಲಾವಿದರು, ಒಬ್ಬೊಬ್ಬರಿಗೂ ಇಡೀ 24 ಗಂಟೆ. 2003ರಿಂದ ಇದು ನಡೆದಿದೆ. ಚಿತ್ರಕ್ಕೆ ಮುಂಚೆ ಒಬ್ಬ ತಿಳಿದವನು ಬಂದು ಕೂತು, ಇದು ಯಾವಾಗ ತೆಗೆದದ್ದು, ಯಾರು ಬರೆದದ್ದು, ಈ ನಟಿ ಆ ವರ್ಷ ಏನು ಕಷ್ಟದಲ್ಲಿದ್ದಳು ಎಂದು ಮನೆಯ ಮಾತಿನಂತೆ ಹೇಳುತ್ತಾನೆ. ನೋಡುವವರು ಜಗಳವಾಡುತ್ತಾರೆ. ಏತಕ್ಕೆ? ಆ ಚಿತ್ರ ಹಾಕಬೇಕಿತ್ತು, ಈ ಚಿತ್ರ ಯಾಕೆ ಹಾಕಿದಿರಿ ಎಂದು! ಎಂಥ ಸಿರಿವಂತರ ಜಗಳ ನೋಡಿ. ನಮ್ಮದು ನಾಯಕನ ಹೆಸರು ಸರಿಯಾಗಿ ಹೇಳಿ ಎಂಬ ಬಡವರ ಜಗಳ.

ಅದೇ 1994ರ ಜೂನ್‌ನಲ್ಲಿ ನಮ್ಮಲ್ಲಿ ಉದಯ ಟಿ.ವಿ. ಹುಟ್ಟಿತು. ಆಮೇಲೆ ಕನ್ನಡಕ್ಕೆ ಚಾನೆಲ್ಲಿನ ಮೇಲೆ ಚಾನೆಲ್ ಬಂದವು. ಮನರಂಜನೆಗೆ ಒಂದು, ಸಂಗೀತಕ್ಕೆ ಒಂದು, ನಗಿಸಲು ಒಂದು, ಸುದ್ದಿಗಂತೂ ಲೆಕ್ಕವಿಲ್ಲ. ಕಪ್ಪು-ಬಿಳುಪು ಚಿತ್ರಕ್ಕೆ ಸಿಕ್ಕಿದ್ದು ಜನ ಆಫೀಸಿನಲ್ಲೋ ನಿದ್ದೆಯಲ್ಲೋ ಇರುವ ಹೊತ್ತು. ನಿಮ್ಮ ಅಪ್ಪ-ಅಮ್ಮನನ್ನು ಕೇಳಿ, ದೂರದರ್ಶನದಲ್ಲಿ ವಾರಕ್ಕೊಂದು ಕನ್ನಡ ಚಿತ್ರ ಬರುತ್ತಿದ್ದ ಕಾಲದಲ್ಲಿ ಬೀದಿ ಹೇಗೆ ಖಾಲಿಯಾಗುತ್ತಿತ್ತು ಎಂದು ಹೇಳುತ್ತಾರೆ. ಪಕ್ಕದ ಮನೆಯವರೆಲ್ಲ ಟಿ.ವಿ. ಇದ್ದವರ ನಡುಮನೆಯಲ್ಲಿ ಚಾಪೆ ಹಾಸಿ ಕೂತು 'ಮಲ್ಲಮ್ಮನ ಪವಾಡ' ನೋಡಿ ಮೂಗು ಒರೆಸಿಕೊಂಡು ಹೋಗುತ್ತಿದ್ದರು. ಆ ತಲೆಮಾರಿಗೆ ಈ ನಟಿ ಯಾರೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಎನ್ನಲಾಗದು. ದಶವಾರದಲ್ಲಿ ಸಕಲ ಸರ್ಕಾರಿ ಗೌರವ ಸಂದಿತು. 2025ರ ಸೆಪ್ಟೆಂಬರ್ 11ರಂದು ಸಚಿವ ಸಂಪುಟ ವಿಷ್ಣುವರ್ಧನ್ ಮತ್ತು ಸರೋಜಾದೇವಿ ಇಬ್ಬರಿಗೂ ಮರಣೋತ್ತರ 'ಕರ್ನಾಟಕ ರತ್ನ' ಎಂದು ತೀರ್ಮಾನಿಸಿತು. ಸಂತೋಷ. ಕೇಂದ್ರ ಸರ್ಕಾರ 1969ರಲ್ಲಿ ಪದ್ಮಶ್ರೀ, 1992ರಲ್ಲಿ ಪದ್ಮಭೂಷಣ ಕೊಟ್ಟಾಗ ಆಕೆ ಎದ್ದು ಹೋಗಿ ಕೈಯಾರೆ ತೆಗೆದುಕೊಳ್ಳಬಲ್ಲವರಾಗಿದ್ದರು. ನಮ್ಮ ರತ್ನ ತಲುಪುವ ಹೊತ್ತಿಗೆ ಕೈ ಇರಲಿಲ್ಲ. ಇರಲಿ, ಆ ಮಾತು ಈಗ ಎತ್ತಿ ಪ್ರಯೋಜನವಿಲ್ಲ. ನಾವು ಕೇಳುವುದು ಬೇರೆ. ರತ್ನ ಎಂದು ಕರೆದಿರಲ್ಲ, ಆ ರತ್ನ ಹೊಳೆದದ್ದು ಯಾವುದರಲ್ಲೋ ಆ ರೀಲುಗಳು ಎಲ್ಲಿವೆ? 'ಕಿತ್ತೂರು ಚೆನ್ನಮ್ಮ'ದ ಮೂಲ ನೆಗೆಟಿವ್ ಯಾರ ಬಳಿ ಇದೆ, ಯಾವ ಸ್ಥಿತಿಯಲ್ಲಿದೆ? 'ಮಹಾಕವಿ ಕಾಳಿದಾಸ'? 'ಜಕಣಾಚಾರಿ'ಯ ಬಣ್ಣ ಎಷ್ಟು ಉಳಿದಿದೆ? ಪ್ರಶಸ್ತಿಯ ಜೊತೆಗೆ ಈ ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟಿದ್ದರೆ ನಾವು ಬೀದಿಯಲ್ಲಿ ನಿಂತು ಜೈಕಾರ ಹಾಕುತ್ತಿದ್ದೆವು.

ಹಣವಿಲ್ಲ ಎಂದು ಯಾರೂ ಹೇಳುವಂತಿಲ್ಲ. ಪೂನಾದಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. ಅದೀಗ ಎನ್.ಎಫ್.ಡಿ.ಸಿ.ಯೊಳಗೆ ಸೇರಿದೆ. ದೇಶದ 2,200 ಚಿತ್ರಗಳನ್ನು ಮರುಜೀವಗೊಳಿಸಲು 363 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ 2022ರ ಮೇ ತಿಂಗಳಲ್ಲೇ ಪ್ರಕಟಿಸಿತು. ಅದರಲ್ಲಿ ಕನ್ನಡದ್ದು ಎಷ್ಟು, ಯಾವುವು? ಕೇಳಿದವರು ಯಾರು? ಮನಸ್ಸು ಮಾಡಿದರೆ ಆಗುತ್ತದೆ ಎನ್ನಲು ಸಾಕ್ಷಿಯೂ ಇದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಮುಂಬಯಿಯ ಫಿಲಂ ಹೆರಿಟೇಜ್ ಫೌಂಡೇಶನ್, ಹಾಲಿವುಡ್ಡಿನ ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆಯ ಜೊತೆ ಸೇರಿ ಹೊಸದಾಗಿ ಹೊಳೆಯುವಂತೆ ಮಾಡಿತು. 2024ರಲ್ಲಿ ಅದು ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಮಲೆನಾಡಿನ ಕಥೆ ಇಟಲಿಯಲ್ಲಿ ಹೊಸ ಪ್ರಿಂಟಿನಲ್ಲಿ ಓಡಬಹುದಾದರೆ, ಕಿತ್ತೂರಿನ ಕಥೆ ಬೆಳಗಾವಿಯಲ್ಲಿ ಓಡಲು ಏನು ಅಡ್ಡಿ?

ನೀವು ಇಷ್ಟು ಓದಿ, "ಹೌದು ಸಾರ್, ಅನ್ಯಾಯ" ಎಂದು ಪತ್ರಿಕೆ ಮಡಿಚಿ ಇಟ್ಟರೆ ನಮಗೆ ಬೇಜಾರು. ಬಸ್ಸಿಗೆ ಕಲ್ಲು ಹೊಡೆಯುವ ಕೆಲಸ ಇದಲ್ಲ, ಅದರಿಂದ ಒಂದು ಫ್ರೇಮೂ ಉಳಿಯುವುದಿಲ್ಲ. ಮಾಹಿತಿ ಹಕ್ಕು ಎಂಬ ಕಾಯ್ದೆ 2005ರಿಂದ ನಿಮ್ಮ ಜೇಬಿನಲ್ಲಿದೆ. ಹತ್ತು ರೂಪಾಯಿ ಶುಲ್ಕ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹೀಗಾಗಿ ಭಾಷಣ ಬರೆಯಬೇಡಿ. ಚಿತ್ರದ ಹೆಸರು, ವರ್ಷ, ಪ್ರಿಂಟ್ ಅಥವಾ ನೆಗೆಟಿವ್ ನಿಮ್ಮಲ್ಲಿ ಇದೆಯೆ, ಸ್ಥಿತಿ ಏನು, ಇಷ್ಟೇ ಕೇಳಿ. ಒಬ್ಬೊಬ್ಬರು ಒಂದೊಂದು ಚಿತ್ರ ಹಂಚಿಕೊಳ್ಳಿ. ಪೂನಾದ ಸಂಗ್ರಹಾಲಯಕ್ಕೂ ಕಳಿಸಿ, ನಮ್ಮ ವಾರ್ತಾ ಇಲಾಖೆಗೂ ಚಲನಚಿತ್ರ ಅಕಾಡೆಮಿಗೂ ಕಳಿಸಿ. ಬಂದ ಉತ್ತರವನ್ನು ನಮಗೆ ಕೊಡಿ, ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. "ಮಾಹಿತಿ ಲಭ್ಯವಿಲ್ಲ" ಎಂದು ಬಂದರೆ ಅದನ್ನೂ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ.

ಮನೆಯಲ್ಲೂ ಹುಡುಕಿ. ಅಜ್ಜಿಯ ಟ್ರಂಕಿನಲ್ಲಿ ಸೀರೆಯ ಕೆಳಗೆ, ಚಿತ್ರಮಂದಿರದಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಿರುತ್ತವೆ. ಕಥಾಸಾರ, ತಾರಾಗಣ, ಪದ್ಯಾವಳಿ ಎಂದು ನಾಲ್ಕೈದು ಹಾಳೆಯ ತೆಳುವಾದ ಪುಸ್ತಕ. ಅದನ್ನು ರದ್ದಿಗೆ ಹಾಕಿದಿರೋ, ಕಲ್ಯಾಣಕುಮಾರರ ಬದಲು ರಾಜ್‌ಕುಮಾರ್ ಎಂದು ಹೇಳುವ ನಿರೂಪಕಿಯನ್ನು ತಿದ್ದಲು ನಾಳೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ. ಊರಿನ ಮುಚ್ಚಿದ ಥಿಯೇಟರಿನ ಕ್ಯಾಬಿನ್‌ನಲ್ಲಿ ತುಕ್ಕು ಹಿಡಿದ ಡಬ್ಬ ಕಂಡರೆ ಬಿಸಿಲಲ್ಲಿ ಬಿಚ್ಚಿ ಹರಡಬೇಡಿ, ಮುಚ್ಚಳ ತೆಗೆದು ವಿನೆಗರ್ ವಾಸನೆ ಬರುತ್ತಿದೆಯೆ ಎಂದು ಮಾತ್ರ ನೋಡಿ, ತಂಪಾದ ಒಣ ಜಾಗದಲ್ಲಿಟ್ಟು ಸಂಗ್ರಹಾಲಯಕ್ಕೆ ತಿಳಿಸಿ. ಮುಖ್ಯವಾಗಿ, ಆ ಕಾಲದವರು ಇನ್ನೂ ಇರುವಾಗ ಹೋಗಿ ಮಾತಾಡಿ. ಜಯಂತಿ ಹೋದದ್ದು 2021ರಲ್ಲಿ. ಲೀಲಾವತಿ 2023ರಲ್ಲಿ. ಈಗ ಸರೋಜಾದೇವಿ. ನಾಲ್ಕು ವರ್ಷದಲ್ಲಿ ಮೂವರು. ಮೇಕಪ್ ಮಾಡಿದವರು, ದೀಪ ಹಿಡಿದವರು, ರೀಲು ಓಡಿಸಿದವರು ಹೋದದ್ದಕ್ಕೆ ಯಾವ ಚಾನೆಲ್ಲಿನಲ್ಲೂ ಅರ್ಧ ಗಂಟೆ ಇಲ್ಲ, ಲೆಕ್ಕವೂ ಇಲ್ಲ.

ಆ ಸೋಮವಾರದ ಹುಡುಗ ಮುಂದಿನ ಭಾನುವಾರ ಮತ್ತೆ ಬಂದ. ಅವನ ಮೊಬೈಲಿನಲ್ಲಿ 'ಕಿತ್ತೂರು ಚೆನ್ನಮ್ಮ' ಇತ್ತು, ಮಸುಕಾದದ್ದೇ. ಅದನ್ನು ನಮ್ಮ ಟಿ.ವಿ.ಗೆ ಜೋಡಿಸಿದ. ಎಲ್ಲರೂ ಕೂತು ಪೂರ್ತಿ ನೋಡಿದೆವು. ನಡುವೆ ಒಂದು ಕಡೆ ಚಿತ್ರ ಟಕ್ಕನೆ ಹಾರಿತು. "ಇಲ್ಲಿ ಹರಿದಿತ್ತು" ಎಂದರು ಹಿರಿಯರು, ಯಾರನ್ನೂ ನೋಡದೆ. ಮುಗಿದ ಮೇಲೆ ಹುಡುಗ ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ಒಂದು ಪೋಸ್ಟ್ ಕಾರ್ಡ್ ತಂದು ಮೂಲೆಯಲ್ಲಿ ಕೂತು ಆ ಚಾನೆಲ್ಲಿಗೆ ಬರೆದ. ಹಾಕುವ ಮುಂಚೆ ನಮಗೆ ತೋರಿಸಿದ. 1964 ಎಂಬ ವರ್ಷ ಸರಿಯಾಗಿತ್ತು, ಬಿ.ಎಸ್. ರಂಗಾ ಹೆಸರೂ ಇತ್ತು. ಕಲ್ಯಾಣಕುಮಾರ್ ಎಂದು ಬರೆದಲ್ಲಿ ಕೆಳಗೆ ಎರಡು ಗೆರೆ ಎಳೆದಿದ್ದ.